ಬಾಡಿಗೆಯಿಲ್ಲದ ಬಿಡಾರ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಮಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದಲ್ಲಿದ್ದಾಳೆ. ಮುಂದಿನ ಬೇಸಿಗೆಯಲ್ಲಿ ದಂಪತಿಗಳಿಬ್ಬರೂ ಅಲ್ಲಿಗೆ ಹೋಗುವವರಿದ್ದಾರೆ. ಕುಶಲೋಪರಿಯೆಲ್ಲ ಮುಗಿದ ಮೇಲೆ ಕೇಳಿದ: "ಸಾರ್, ನೀವು ಅಲ್ಲಿಗೆ ಹೋದಾಗ ಕಾಡಿನೊಳಗೆ ಎರಡು ರಾತ್ರಿ ಮಲಗಿದ್ದಿರಂತಲ್ಲ. ಒಂದು ರಾತ್ರಿಗೆ ಎಷ್ಟು ಡಾಲರು ತಗೊಳ್ತಾರೆ?"

"ಒಂದು ಕಾಸೂ ಇಲ್ಲ ಮಾರಾಯ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಕಾಡು ಯಾರದ್ದು ಸಾರ್?" ಎಂದ.

ಹತ್ತನೆಯ ತರಗತಿಯಲ್ಲಿ ವರ್ಷವಿಡೀ ಕಿಟಕಿಯಾಚೆ ನೋಡುತ್ತ ಕುಳಿತಿದ್ದವನು, ನಲವತ್ತು ವರ್ಷಗಳ ಬಳಿಕ ಇತಿಹಾಸದ ಮೇಷ್ಟರಿಗೆ ಹಾಕಿದ ಮೊದಲ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೇ ಹೌದು. ದೂರವಾಣಿಯಲ್ಲಿ ಉತ್ತರಿಸಿ ಮುಗಿಸುವಂಥದ್ದಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

2016ರ ಆಗಸ್ಟಿನಲ್ಲಿ ನಾನು ಮಗನ ಮನೆಯಲ್ಲಿದ್ದೆ. ಅವನೂ ಆಲ್ಬನಿಯವನೇ. ವಾರದ ಐದು ದಿನ ಕಚೇರಿ, ಉಳಿದೆರಡು ದಿನ ಅಂಗಡಿ ಸಾಮಾನು. ನನಗೆ ಬೇಸರ ಬಂದಿರುವುದನ್ನು ಕಂಡು, "ಅಪ್ಪಯ್ಯ, ಈ ಸಲ ನಿಮ್ಮನ್ನು ಗುಡ್ಡಕ್ಕೆ ಕರೆದುಕೊಂಡು ಹೋಗ್ತೇನೆ" ಎಂದ. ಆಲ್ಬನಿಯಿಂದ ಉತ್ತರಕ್ಕೆ ಎರಡು ಗಂಟೆಯೊಳಗಿನ ಕಾರಿನ ಹಾದಿ. ಅಲ್ಲಿರುವುದು ಅಡಿರಾಂಡಾಕ್ ಎಂಬ ಪರ್ವತಪ್ರದೇಶ. ನಾವು ಹೋದದ್ದು ಅದರ ಅಂಚಿನ ಥರ್ಟೀನ್ತ್ ಲೇಕ್, ಅಂದರೆ 'ಹದಿಮೂರನೆಯ ಕೆರೆ'ಯ ದಡಕ್ಕೆ. ಕೆರೆಗೆ ಸಂಖ್ಯೆಯ ಹೆಸರಿಡುವ ಜನರನ್ನು ಕಂಡು ನನಗೆ ಮೊದಲು ನಗು ಬಂತು. ನೋಡಿದ ಮೇಲೆ ನಗು ಉಳಿಯಲಿಲ್ಲ. ಎರಡೂ ಕಡೆ ಗುಡ್ಡ, ನಡುವೆ ಉದ್ದಕ್ಕೆ ಮಲಗಿದ ಕಪ್ಪು ನೀರು, ದಡದವರೆಗೂ ಇಳಿದು ಬಂದ ಹೆಮ್ಲಾಕ್ ಮತ್ತು ಬರ್ಚ್ ಮರಗಳು. (ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ಬೇರೆ, ಅದೊಂದು ವಿಷದ ಗಿಡ. ಇದು ಪೈನ್ ಬಳಗದ ದೊಡ್ಡ ಮರ. ಪಾಠ ಮಾಡುವಾಗ ನಾನೇ ಎರಡನ್ನೂ ಒಂದೆಂದು ತಿಳಿದಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.)

ಕಾರು ನಿಲ್ಲಿಸಿದಲ್ಲಿ ಗೇಟು ಇರಲಿಲ್ಲ. ಚೀಟಿ ಹರಿಯುವವನಿರಲಿಲ್ಲ. ಹಲಗೆಯೊಂದರ ಮೇಲೆ ನಿಯಮಗಳನ್ನು ಅಚ್ಚು ಹಾಕಿ ಅಂಟಿಸಿದ್ದರು. ಮಗ ಅದನ್ನು ಓದಿದ ಹಾಗೆ ಮಾಡಿದ, ನಾನು ಕನ್ನಡಕ ಚೀಲದ ತಳದಲ್ಲಿದೆಯೆಂದು ಓದಲಿಲ್ಲ. ಹೆಗಲಿಗೆ ಗುಡಾರ, ಹಾಸಿಗೆ, ಅವಲಕ್ಕಿ, ಚಟ್ನಿಪುಡಿಗಳನ್ನು ಏರಿಸಿಕೊಂಡು ದಡದ ಕಾಲುದಾರಿಯಲ್ಲಿ ನಡೆದೆವು. ಒಂದು ಕಡೆ ನೀರಿಗೆ ತಾಗಿದಂತೆ ಮಟ್ಟಸವಾದ ಹುಲ್ಲಿನ ಜಾಗ ಸಿಕ್ಕಿತು. ಇದಕ್ಕಿಂತ ಚಂದದ ಸ್ಥಳ ಇನ್ನೆಲ್ಲಿ ಎಂದು ಗುಡಾರ ಎಬ್ಬಿಸಿ, ಮೊಮ್ಮಗ ಕಾಲನ್ನು ನೀರಿಗೆ ಇಳಿಬಿಟ್ಟು ಕುಳಿತದ್ದೂ ಆಯಿತು. ಅಷ್ಟರಲ್ಲಿ ಹಸಿರು ಸಮವಸ್ತ್ರದ ರೇಂಜರ್ ಒಬ್ಬ ಬಂದ.

ನಮ್ಮಲ್ಲಿ ಅರಣ್ಯ ಇಲಾಖೆಯ ಸಮವಸ್ತ್ರ ಕಂಡರೆ ಎದೆ ಒಂದು ಬಡಿತ ತಪ್ಪುವುದು ಮಲೆನಾಡಿಗರಿಗೆ ಹುಟ್ಟುಗುಣ. ಜೇಬಿಗೆ ಕೈ ಹಾಕಬೇಕೋ ಕೈ ಮುಗಿಯಬೇಕೋ ಎಂದು ನಾನು ಯೋಚಿಸುತ್ತಿರುವಾಗಲೇ ಆತ ನಕ್ಕು ವಂದಿಸಿದ. ನಮ್ಮ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಹಣ ಕೇಳಲಿಲ್ಲ. ಗುಡಾರವನ್ನು ಮಾತ್ರ ಕಿತ್ತು ಹಿಂದಕ್ಕೆ ಹಾಕಬೇಕೆಂದ. ಬಿಡಾರಕ್ಕೆಂದು ಇಲಾಖೆಯೇ ಗುರುತಿನ ಬಿಲ್ಲೆ ಹೊಡೆದ ಜಾಗವಲ್ಲದಿದ್ದರೆ ನೀರಿನಿಂದ, ದಾರಿಯಿಂದ, ರಸ್ತೆಯಿಂದ ನೂರೈವತ್ತು ಅಡಿ ದೂರವಿರಬೇಕು. ಒಂದೇ ಸ್ಥಳದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಉಳಿಯುವುದಾದರೆ, ಅಥವಾ ಗುಂಪಿನಲ್ಲಿ ಹತ್ತು ಜನರಿದ್ದರೆ, ಪರವಾನಗಿ ಪಡೆಯಬೇಕು, ಅದಕ್ಕೂ ಹಣವಿಲ್ಲ. ಬೆಂಕಿಗೆ ಸತ್ತು ನೆಲಕ್ಕೆ ಬಿದ್ದ ಕಟ್ಟಿಗೆ ಮಾತ್ರ. ನಿಂತ ಮರ ಒಣಗಿದ್ದರೂ ಮುಟ್ಟುವಂತಿಲ್ಲ. ಇಷ್ಟು ಹೇಳಿ ಆತ ನೀರಂಚಿನಿಂದ ಹೆಜ್ಜೆಯೆಣಿಸುತ್ತ ಕಾಡಿನೊಳಕ್ಕೆ ನಡೆದು ಒಂದೆಡೆ ನಿಂತು, "ಇಲ್ಲಿ" ಎಂದ. ಅವನಿಗೆ ಐವತ್ತು ಹೆಜ್ಜೆ, ನನಗೆ ಅರವತ್ತಾಯಿತು. ಕತ್ತಲಾಗುವ ಹೊತ್ತಿಗೆ ಗುಡಾರ ಸ್ಥಳಾಂತರಿಸುವ ಕೆಲಸದಲ್ಲಿ ನಮಗೆ ಕೈಜೋಡಿಸಿದವರು ಅಲ್ಲೇ ಸಮೀಪದಲ್ಲಿ ಒಂಟಿಯಾಗಿ ಬಿಡಾರ ಹೂಡಿದ್ದ ಒಬ್ಬ ಅಮೆರಿಕನ್ ವೃದ್ಧರು. ಅವರ ಸಂಗತಿಗೆ ಆಮೇಲೆ ಬರುತ್ತೇನೆ.

1981ರಲ್ಲಿ ನನ್ನೊಂದಿಗೆ ಕೊಡಚಾದ್ರಿ ಹತ್ತಿದವರು ಈ ಪುಟವನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ನಾವು ಅಂದು ಕಂಬಳಿ ಹೊದ್ದು ಬೆಟ್ಟದ ಮೇಲೆ ಮಲಗಿದ್ದು ಯಾರ ಅಪ್ಪಣೆ ಪಡೆದು? ಯಾರನ್ನೂ ಕೇಳಲಿಲ್ಲ. ಕೇಳುವವರಿರಲಿಲ್ಲ ಎಂಬುದಷ್ಟೇ ಅದರ ಕಾರಣ. ಇಂದು ಅಲ್ಲಿ ಮನಬಂದಲ್ಲಿ ರಾತ್ರಿ ಕಳೆಯುವಂತಿಲ್ಲ. ಹದಿಮೂರನೆಯ ಕೆರೆಯ ಬಳಿ ನಾವು ಮಲಗಿದ್ದೂ ಯಾರನ್ನೂ ಕೇಳದೆಯೇ. ಆದರೆ ಅಲ್ಲಿ ಕೇಳುವವನು ಬಂದು ನೋಡಿ, ಮಲಗಿ ಎಂದು ಹೇಳಿ ಹೋದ. ಎರಡಕ್ಕೂ ಬಹಳ ಅಂತರವಿದೆ. ಮೊದಲನೆಯದು ಯಾರೂ ನೋಡದಿರುವ ತನಕ ಸಿಗುವ ಸುಖ, ಎರಡನೆಯದು ಹಕ್ಕು. ಈ ಹಕ್ಕನ್ನು ಅಲ್ಲಿಯವರಿಗೆ ಯಾರು ಕೊಟ್ಟರು ಎಂದು ಮಗನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಹಿಂದಿರುಗಿ ಬಂದು ಆಲ್ಬನಿಯ ಗ್ರಂಥಾಲಯದಲ್ಲಿ ಮೂರು ವಾರ ಕುಳಿತೆ. ಬೇಸರವೂ ಹೋಯಿತು.

ಮೊದಲು ಅಳತೆ. ಅಡಿರಾಂಡಾಕ್ ಪಾರ್ಕ್ ಎಂದು ನಕ್ಷೆಯಲ್ಲಿ ಗೆರೆ ಹಾಕಿರುವುದು ಸುಮಾರು 60 ಲಕ್ಷ ಎಕರೆಗೆ. ನಮ್ಮ ಕರ್ನಾಟಕದ ಎಂಟನೆಯ ಒಂದು ಪಾಲು ಎಂದುಕೊಳ್ಳಿ. ಅದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ, ಸುಮಾರು 26 ಲಕ್ಷ ಎಕರೆ, ರಾಜ್ಯದ ಕಾಡು. ಉಳಿದದ್ದು ಖಾಸಗಿ, ಊರುಗಳಿವೆ, ಶಾಲೆಗಳಿವೆ, ಲಕ್ಷಕ್ಕಿಂತ ಹೆಚ್ಚು ಜನ ವಾಸವಾಗಿದ್ದಾರೆ. ಅತಿ ಎತ್ತರದ ಶಿಖರ ಮೌಂಟ್ ಮಾರ್ಸಿ, 5,344 ಅಡಿ. ಬಿಳಿಯರು ಅದನ್ನು ಮೊದಲು ಹತ್ತಿದ ದಾಖಲೆ ಇರುವುದೇ 1837ರಲ್ಲಿ. ಮರುವರ್ಷ ಭೂವಿಜ್ಞಾನಿ ಎಬನೀಜರ್ ಎಮನ್ಸ್ ಆ ಪರ್ವತಸಮೂಹಕ್ಕೆ ಅಡಿರಾಂಡಾಕ್ ಎಂಬ ಹೆಸರು ಕೊಟ್ಟರು. ಮೋಹಾಕ್ ಜನ ತಮ್ಮ ನೆರೆಯ ಬುಡಕಟ್ಟಿನವರನ್ನು ಹಂಗಿಸಿ 'ತೊಗಟೆ ತಿನ್ನುವವರು' ಎನ್ನುತ್ತಿದ್ದ ಮಾತು ಅದು ಎಂದು ಹೇಳುತ್ತಾರೆ. ಒಬ್ಬರ ಬೈಗುಳ ಇನ್ನೊಬ್ಬರ ನಕ್ಷೆಯಲ್ಲಿ ಹೆಸರಾಗುವುದು ಇತಿಹಾಸದಲ್ಲಿ ಹೊಸತಲ್ಲ. ಮೋಹಾಕರೂ ಅಬೆನಾಕಿಗಳೂ ಬೇಟೆಗಾಗಿ ಈ ಗುಡ್ಡಗಳಿಗೆ ಬಂದು ಬಿಡಾರ ಹೂಡುತ್ತಿದ್ದರು. ಅಲ್ಲಿ ರಾತ್ರಿ ಕಳೆದ ಮೊದಲಿಗರು ಅವರೇ. ಹತ್ತೊಂಬತ್ತನೆಯ ಶತಮಾನದಲ್ಲಿ ಪೇಟೆಯವರನ್ನು ಕಾಡಿನೊಳಗೆ ಕರೆದೊಯ್ಯುತ್ತಿದ್ದ ಪ್ರಸಿದ್ಧ ಮಾರ್ಗದರ್ಶಕರಲ್ಲಿ ಒಬ್ಬರಾದ ಲಾಂಗ್ ಲೇಕ್ ಊರಿನ ಮಿಚೆಲ್ ಸಬಾಟಿಸ್ ಅಬೆನಾಕಿ ಜನಾಂಗದವರು. ಹಗುರವಾದ ದೋಣಿಯಲ್ಲಿ ಕೆರೆ ದಾಟಿಸಿ, ದಡ ಮುಟ್ಟಿದ ಮೇಲೆ ಅದೇ ದೋಣಿಯನ್ನು ಹೆಗಲ ಮೇಲೆ ಕವುಚಿ ಮುಂದಿನ ಕೆರೆಗೆ ಹೊರುವುದು ಈ ಮಾರ್ಗದರ್ಶಕರ ಕಸುಬು.

ಪೇಟೆಯವರ ಬಿಡಾರಗಳಲ್ಲಿ ಹೆಸರಾದದ್ದು 1858ರ ಆಗಸ್ಟಿನದು. ವಿಲಿಯಂ ಜೇಮ್ಸ್ ಸ್ಟಿಲ್‌ಮನ್ ಎಂಬ ಚಿತ್ರಕಾರ ಬೋಸ್ಟನ್ ಕಡೆಯ ಪಂಡಿತರನ್ನು ಒಟ್ಟುಗೂಡಿಸಿ ಫಾಲೆನ್ಸ್‌ಬಿ ಎಂಬ ಕೆರೆಯ ದಡಕ್ಕೆ ಕರೆತಂದ. ತತ್ವಜ್ಞಾನಿ ಎಮರ್ಸನ್, ವಿಜ್ಞಾನಿ ಲೂಯಿ ಅಗಾಸಿ, ಕವಿ ಜೇಮ್ಸ್ ರಸೆಲ್ ಲೋವೆಲ್ ಮೊದಲಾಗಿ ಸ್ಟಿಲ್‌ಮನ್ ಸೇರಿ ಹತ್ತು ಜನ, ಜೊತೆಗೆ ಮಾರ್ಗದರ್ಶಕರು. ಮರದ ತೊಗಟೆಯ ಮಾಡು, ಕೊಂಬೆಗಳ ಹಾಸಿಗೆ. ಕವಿ ಲಾಂಗ್‌ಫೆಲೋ ಅವರನ್ನೂ ಕರೆದಿದ್ದರು. ಎಮರ್ಸನ್ ಬಂದೂಕು ತರುತ್ತಾರಂತೆ ಎಂದು ಕೇಳಿದ ಲಾಂಗ್‌ಫೆಲೋ, ಹಾಗಿದ್ದರೆ ಯಾರಿಗಾದರೂ ಗುಂಡು ತಗಲುವುದು ನಿಶ್ಚಯವೆಂದು ಬರಲೇ ಇಲ್ಲ! ತತ್ವಜ್ಞಾನಿಯ ಕೈಗೆ ಕೋವಿ ಕೊಡುವುದರ ಬಗ್ಗೆ ಕವಿಯ ಅಭಿಪ್ರಾಯ ಸರಿಯೆಂದೇ ನನಗೂ ತೋರುತ್ತದೆ. ಯಾರಿಗೂ ಏನೂ ಆಗಲಿಲ್ಲವೆನ್ನಿ. ಆ ಬಿಡಾರಕ್ಕೆ ಜನ 'ದಾರ್ಶನಿಕರ ಬಿಡಾರ' ಎಂದು ಹೆಸರಿಟ್ಟರು. ಸ್ಟಿಲ್‌ಮನ್ ಬರೆದ ಅದರ ವರ್ಣಚಿತ್ರ ಕಾಂಕರ್ಡ್ ಊರಿನ ಗ್ರಂಥಾಲಯದಲ್ಲಿದೆ. ಅಟ್ಲಾಂಟಿಕ್ ಸಾಗರದಡಿ ತಂತಿ ಹಾಕಿದ ಸುದ್ದಿ ಅವರಿಗೆ ತಲಪಿದ್ದೂ ಆ ಕಾಡಿನಲ್ಲೇ. ಕಾಡು ಯಾರದ್ದು ಎಂಬ ಪ್ರಶ್ನೆ ಅವರಲ್ಲಿ ಯಾರಿಗೂ ಮೂಡಿದಂತಿಲ್ಲ. ಆಗ ಅದಿನ್ನೂ ಮುಗಿಯದ ಕಾಡು.

ಹನ್ನೊಂದು ವರ್ಷಗಳ ತರುವಾಯ, 1869ರಲ್ಲಿ, ಬೋಸ್ಟನ್ನಿನ ಪಾದ್ರಿ ವಿಲಿಯಂ ಮರ್ರೆ ಒಂದು ಪುಸ್ತಕ ಬರೆದರು. ಅಡಿರಾಂಡಾಕ್ ಕಾಡಿನಲ್ಲಿ ಗುಡಾರ ಹಾಕಿ ಮಲಗಿದರೆ ಮನಸ್ಸಿಗೆ ಹಿತ, ಮೈಗೆ ಆರೋಗ್ಯ, ಕ್ಷಯರೋಗಿ ಕೂಡ ಗುಣವಾಗಿ ಬಂದಾನು ಎಂಬ ಧಾಟಿಯಲ್ಲಿ. ಆ ಬೇಸಿಗೆಯೇ ರೈಲು ತುಂಬಿ ಜನ ಬಂದರು. ಮಳೆ ಹೊಯ್ಯಿತು, ಕಪ್ಪು ನೊಣಗಳು ಮುತ್ತಿದವು, ತಂಗಲು ಜಾಗ ಸಾಲಲಿಲ್ಲ, ಪುಸ್ತಕ ನಂಬಿ ಬಂದ ರೋಗಿಗಳು ಇನ್ನಷ್ಟು ಬಳಲಿದರು. ಪತ್ರಿಕೆಗಳು ಇವರನ್ನು 'ಮರ್ರೆಯ ಮೂರ್ಖರು' ಎಂದು ಕರೆದವು. ಆದರೂ ಸಾಮಾನ್ಯ ಪೇಟೆಯವನು ಸಂತೋಷಕ್ಕಾಗಿ ಕಾಡಿನಲ್ಲಿ ಮಲಗುವ ಅಭ್ಯಾಸ ಅಮೆರಿಕದಲ್ಲಿ ಹಬ್ಬಿದ್ದು ಆ ಮೂರ್ಖರಿಂದಲೇ.

ಇತ್ತ ಕಾಡು ಕರಗುತ್ತಿತ್ತು. ಚರ್ಮ ಹದಮಾಡುವವರಿಗೆ ಹೆಮ್ಲಾಕಿನ ತೊಗಟೆ ಬೇಕು. ಮರ ಕಡಿದು, ತೊಗಟೆ ಸುಲಿದು, ಕಾಂಡವನ್ನು ಅಲ್ಲೇ ಕೊಳೆಯಲು ಬಿಡುತ್ತಿದ್ದರು. ಕಬ್ಬಿಣದ ಕುಲುಮೆಗೆ ಇದ್ದಿಲು, ಕಾಗದಕ್ಕೆ ಸ್ಪ್ರೂಸ್ ಮರದ ತಿರುಳು. ಕಡಿದ ದಿಮ್ಮಿಗಳನ್ನು ವಸಂತದ ಪ್ರವಾಹಕ್ಕೆ ತಳ್ಳಿ ಹಡ್ಸನ್ ನದಿಯಲ್ಲಿ ಕೆಳಕ್ಕೆ ತೇಲಿಸುವರು. ಮರ ಮುಗಿದ ಮೇಲೆ ಭೂಮಿ ಯಾರಿಗೂ ಬೇಡ. ಕಂದಾಯ ಕಟ್ಟದೆ ಬಿಟ್ಟುಹೋಗುವರು. ಬಾಕಿಗೆ ಅದು ಸರಕಾರದ ಪಾಲಾಗುವುದು. ಇಂದಿನ ಆ ರಾಜ್ಯಾರಣ್ಯದ ಬಹುಭಾಗ ಹೀಗೆ ಎಂಜಲೆಲೆಯಂತೆ ಬಂದು ಸೇರಿದ ನೆಲ ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ. ಹದಿಮೂರನೆಯ ಕೆರೆಯ ದಡದ ಆ ದಟ್ಟ ಮರಗಳು ನನ್ನ ಕಣ್ಣ ಮುಂದೆ ಇದ್ದವು.

ಕಾಡನ್ನು ಉಳಿಸಿದ್ದು ಮರದ ಮೇಲಿನ ಪ್ರೀತಿಯೇ? ಅಷ್ಟರಿಂದಲೇ ಅಲ್ಲ. ನೀರಿನ ಭಯ. ವರ್ಪ್ಲಾಂಕ್ ಕಾಲ್ವಿನ್ ಎಂಬ ಮೋಜಣಿದಾರ 1872ರಲ್ಲಿ ಮಾರ್ಸಿ ಶಿಖರದ ಮಗ್ಗುಲಲ್ಲಿ ಪುಟ್ಟ ಕೆರೆಯೊಂದನ್ನು ಕಂಡು, ಹಡ್ಸನ್ನಿನ ಅತಿ ಎತ್ತರದ ಮೂಲ ಇದೇ ಎಂದು ಸಾರಿದ. ಅದರ ಹೆಸರನ್ನು ಕನ್ನಡಿಸಿದರೆ 'ಮೋಡಗಳ ಕಂಬನಿ'. ಮೋಜಣಿಯವರಲ್ಲಿ ಕವಿಗಳಿರುವುದಿಲ್ಲವೆಂದು ಇನ್ನು ನಾನು ಹೇಳಲಾರೆ. ಕಾಲ್ವಿನ್ನನ ವಾದ ಮಾತ್ರ ವ್ಯಾಪಾರಿಗಳಿಗೂ ಅರ್ಥವಾಗುವಂಥದು: ಗುಡ್ಡದ ಕಾಡು ಹೋದರೆ ಹೊಳೆ ಬತ್ತುತ್ತದೆ, ಹೊಳೆ ಬತ್ತಿದರೆ ಹಡ್ಸನ್ ನದಿಯಲ್ಲೂ ಈರಿ ಕಾಲುವೆಯಲ್ಲೂ ಹಡಗು ನಡೆಯದು, ಆಗ ನ್ಯೂಯಾರ್ಕಿನ ವ್ಯಾಪಾರವೂ ನಿಲ್ಲುತ್ತದೆ. ಅರಣ್ಯನಾಶದಿಂದ ನಾಡುಗಳು ಬಂಜರಾದ ಬಗೆಯನ್ನು ವಿವರಿಸಿದ ಜಾರ್ಜ್ ಪರ್ಕಿನ್ಸ್ ಮಾರ್ಷ್ ಅವರ ಗ್ರಂಥ 1864ರಲ್ಲೇ ಹೊರಬಂದಿತ್ತು. 1885ರಲ್ಲಿ ರಾಜ್ಯದ ಕಾಡುಗಳನ್ನು ಎಂದೆಂದಿಗೂ ಕಾಡಾಗಿಯೇ ಇಡಬೇಕೆಂಬ ಕಾಯಿದೆಯಾಯಿತು. 1892ರಲ್ಲಿ ನಕ್ಷೆಯ ಮೇಲೆ ನೀಲಿ ಗೆರೆ ಎಳೆದು ಪಾರ್ಕ್ ಎಂದು ಕರೆದರು. ಮರು ವರ್ಷವೇ ಆ ಕಾಡಿನ ಮರ ಮಾರಲು ಅವಕಾಶ ಕೊಡುವ ಇನ್ನೊಂದು ಕಾಯಿದೆ ಬಂತು! ಶಾಸನಸಭೆ ಕೊಟ್ಟದ್ದನ್ನು ಶಾಸನಸಭೆಯೇ ಕಿತ್ತುಕೊಳ್ಳಬಲ್ಲದು ಎಂಬುದು ಜನರಿಗೆ ಮನದಟ್ಟಾಯಿತು.

1894ರಲ್ಲಿ ರಾಜ್ಯದ ಸಂವಿಧಾನವನ್ನು ತಿದ್ದಿ ಬರೆಯಲು ಸಮಾವೇಶ ಸೇರಿದಾಗ ಡೇವಿಡ್ ಮೆಕ್ಲೂರ್ ಎಂಬ ಪ್ರತಿನಿಧಿ ಒಂದು ಅನುಚ್ಛೇದ ಮಂಡಿಸಿದರು. ತಾತ್ಪರ್ಯ ಇಷ್ಟು: ರಾಜ್ಯದ ಅರಣ್ಯಭೂಮಿ ಶಾಶ್ವತವಾಗಿ ಕಾಡಾಗಿಯೇ ಇರತಕ್ಕದ್ದು, ಅದನ್ನು ಮಾರಬಾರದು, ಗೇಣಿಗೆ ಕೊಡಬಾರದು, ವಿನಿಮಯ ಮಾಡಬಾರದು, ಅದರ ಮರವನ್ನು ಮಾರಬಾರದು, ಸಾಗಿಸಬಾರದು, ನಾಶ ಮಾಡಬಾರದು. 122 ಮತ ಪರ, ವಿರೋಧ ಒಂದೂ ಇಲ್ಲ. 1895ರ ಜನವರಿ 1ರಿಂದ ಅದು ಜಾರಿಗೆ ಬಂತು. ಅಂದಿನಿಂದ ಅದರಲ್ಲಿ ಒಂದು ಪದ ಬದಲಿಸಬೇಕಾದರೂ ಒಂದರ ಹಿಂದೊಂದು ಚುನಾಯಿತವಾದ ಎರಡು ಶಾಸನಸಭೆಗಳು ಒಪ್ಪಬೇಕು, ಆಮೇಲೆ ರಾಜ್ಯದ ಮತದಾರರೆಲ್ಲ ಮತ ಹಾಕಿ ಒಪ್ಪಬೇಕು. ಹಾಗಾದರೆ ಕಾಡು ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ರೇಂಜರನದ್ದಲ್ಲ, ಮಂತ್ರಿಯದ್ದಲ್ಲ. ಗೇಣಿಗೆ ಕೊಡಲು ಬಾರದ ನೆಲದಲ್ಲಿ ಯಾರೂ ವಸತಿಗೃಹ ಕಟ್ಟಲಾರರು. ನನ್ನ ಎರಡು ರಾತ್ರಿಯ ನಿದ್ರೆಗೆ ಬಾಡಿಗೆ ಕೇಳುವವರಿಲ್ಲದ ಮೂಲ ಈ ವಾಕ್ಯದಲ್ಲಿದೆ.

ಕಥೆ ಇಲ್ಲಿಗೇ ಮುಗಿದರೆ ಮಕ್ಕಳ ಪಠ್ಯಪುಸ್ತಕಕ್ಕೆ ಚೆನ್ನ. ಆದರೆ ಗ್ರಂಥಾಲಯದ ಎರಡನೆಯ ವಾರದಲ್ಲಿ ನಾನು ಓದಿದ್ದು ಬೇರೆ.

ನೀಲಿ ಗೆರೆಯೊಳಗಿನ ಖಾಸಗಿ ನೆಲವನ್ನು ಸಿರಿವಂತರು ಕೊಳ್ಳತೊಡಗಿದರು. ಅವರ ಬಂಗಲೆಗಳಿಗೂ ಹೆಸರು 'ಕ್ಯಾಂಪ್' ಎಂದೇ. ಹತ್ತಾರು ಕಟ್ಟಡ, ಆಳುಕಾಳುಗಳಿದ್ದರೂ ಅದು ಬಿಡಾರವಂತೆ. ವಿಲಿಯಂ ವೆಸ್ಟ್ ಡ್ಯುರಾಂಟ್ 1897ರಲ್ಲಿ ಕಟ್ಟಿಸಿದ ಸಾಗಮೋರ್ 1901ರಲ್ಲಿ ವ್ಯಾಂಡರ್‌ಬಿಲ್ಟ್ ಮನೆತನದ ಆಲ್ಫ್ರೆಡ್ ಅವರ ಕೈಸೇರಿತು. ಎಣ್ಣೆ ವ್ಯಾಪಾರದ ವಿಲಿಯಂ ರಾಕೆಫೆಲರ್ ಬ್ರಾಂಡನ್ ಎಂಬ ಹಳ್ಳಿಯ ಸುತ್ತ ಸಾವಿರಾರು ಎಕರೆ ಕೊಂಡು, ಮನೆಗಳನ್ನೂ ಒಂದೊಂದಾಗಿ ಕೊಂಡು ಕೆಡವಿಸಿದರು. ಅಂತರ್ಯುದ್ಧದಲ್ಲಿ ಹೋರಾಡಿ ಬಂದಿದ್ದ ಆಲಿವರ್ ಲಮೋರಾ ಎಂಬ ಮುದುಕ ಮಾತ್ರ ಮಾರಲಿಲ್ಲ. ಅಷ್ಟೇ ಅಲ್ಲ, ಮೊದಲಿನಿಂದಲೂ ಮೀನು ಹಿಡಿಯುತ್ತಿದ್ದ ಹೊಳೆಯಲ್ಲೇ ಹಿಡಿಯುತ್ತ ಹೋದ. 1902ರಲ್ಲಿ ಮೊಕದ್ದಮೆ ಹೂಡಿದರು. ಊರಿನ ಪಂಚರು ಮುದುಕನ ಪರ, ಮೇಲಿನ ನ್ಯಾಯಾಲಯ ಕೊನೆಗೆ ರಾಕೆಫೆಲರ್ ಪರ. 1903ರಲ್ಲಿ ಇದೇ ಬಗೆಯಲ್ಲಿ ಊರವರ ದಾರಿ ಮುಚ್ಚಿದ್ದ ಒರಾಂಡೋ ಡೆಕ್ಸ್ಟರ್ ಎಂಬ ಇನ್ನೊಬ್ಬ ಶ್ರೀಮಂತನನ್ನು ಅವನ ರಸ್ತೆಯಲ್ಲೇ ಯಾರೋ ಗುಂಡಿಟ್ಟು ಕೊಂದರು. ಕೊಂದವನು ಸಿಗಲೇ ಇಲ್ಲ. ದಾರ್ಶನಿಕರು ಮಲಗಿದ್ದ ಫಾಲೆನ್ಸ್‌ಬಿ ಕೆರೆಯೂ ಹೀಗೆ ಖಾಸಗಿ ಆಸ್ತಿಯಾಗಿ, 2008ರಲ್ಲಿ ಸಂರಕ್ಷಣಾ ಸಂಸ್ಥೆಯೊಂದು ಕೊಳ್ಳುವ ತನಕ ಖಾಸಗಿಯವರ ಕೈಯಲ್ಲಿಯೇ ಇತ್ತು.

ರಾಜ್ಯದ ಕಾಡಿನೊಳಗೂ ಎಲ್ಲರಿಗೂ ಸುಖವೇನಿರಲಿಲ್ಲ. ಆ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡು, ಬೇಟೆ, ಮೀನು, ಸೌದೆಗಳಿಂದ ಬದುಕುತ್ತಿದ್ದ ಕುಟುಂಬಗಳಿದ್ದವು. ಹತ್ರ ಪತ್ರಗಳಿರಲಿಲ್ಲ. 'ಎಂದೆಂದಿಗೂ ಕಾಡು' ಎಂದರೆ ಇವರ ಪಾಲಿಗೆ ಮನೆ ಬಿಡು ಎಂದರ್ಥ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸರಕಾರ ಇವರನ್ನು ಎಬ್ಬಿಸಿತು. ಮೂರು ರಾತ್ರಿ ಮಲಗುವವನಿಗೆ ಸ್ವಾಗತ, ಮೂವತ್ತು ವರ್ಷ ಮಲಗಿದವನಿಗೆ ನೋಟೀಸು. ಮಲೆನಾಡಿನಲ್ಲಿ ಹುಟ್ಟಿದ ನನಗೆ ಇದು ಪರಕೀಯವೆನಿಸಲಿಲ್ಲ. ಬ್ರಿಟಿಷರ 1878ರ ಅರಣ್ಯ ಕಾಯಿದೆ ಬಂದ ಮೇಲೆ ನಮ್ಮ ಪಶ್ಚಿಮಘಟ್ಟದ ರೈತರು ಸೊಪ್ಪಿಗೂ ಸೌದೆಗೂ ಅರ್ಜಿ ಬರೆದು ಕೈಕಟ್ಟಿ ನಿಂತದ್ದನ್ನು ಹಿರಿಯರಿಂದ ಕೇಳಿದವನು ನಾನು. ಅಡಿರಾಂಡಾಕಿನ ಕಾಯಿದೆಗೂ ನಮ್ಮ ಈ ಕಾಯಿದೆಗೂ ನಡುವೆ ಏಳೇ ವರ್ಷಗಳ ಅಂತರ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ನಮ್ಮಲ್ಲಿ ಕಾಡನ್ನು ಮುಚ್ಚಿದ್ದು ಸರಕಾರವೇ ಮರ ಕಡಿದು ಮಾರುವುದಕ್ಕೆ. ಅಲ್ಲಿ ಸರಕಾರವೂ ಕಡಿಯಬಾರದೆಂದು.

ಅದು ಬರಿಯ ಮಾತಲ್ಲವೆಂದು ತೋರಿದ್ದು 1930ರಲ್ಲಿ. 1932ರ ಚಳಿಗಾಲದ ಒಲಿಂಪಿಕ್ಸ್ ಲೇಕ್ ಪ್ಲಾಸಿಡ್ ಊರಿಗೆ ಬಂದಿತ್ತು. ಮಂಜಿನ ಮೇಲೆ ಜಾರುಬಂಡಿಯೋಟಕ್ಕೆ ಹಾದಿ ಮಾಡಲು ರಾಜ್ಯಾರಣ್ಯದಲ್ಲಿ ಸುಮಾರು 2,500 ಮರ ಕಡಿಯಬೇಕಿತ್ತು. ಶಾಸನಸಭೆ ಒಪ್ಪಿಗೆ ಕೊಟ್ಟಿತ್ತು; ದೇಶದ ಗೌರವದ ಪ್ರಶ್ನೆ ಬೇರೆ. ಅಡಿರಾಂಡಾಕ್ ಸಂರಕ್ಷಣಾ ಸಂಘದವರು ನ್ಯಾಯಾಲಯಕ್ಕೆ ಹೋದರು. ರಾಜ್ಯದ ಅತ್ಯುಚ್ಚ ನ್ಯಾಯಾಲಯ, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಸಂವಿಧಾನ ಬೇಡವೆಂದ ಮೇಲೆ ಕಡಿಯುವಂತಿಲ್ಲವೆಂದು ತೀರ್ಪಿತ್ತಿತು. ಜಾರುಹಾದಿಯನ್ನು ಖಾಸಗಿ ನೆಲದಲ್ಲಿ ಮಾಡಿದರು. ಅದೇ 1930ರಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ಅರಣ್ಯ ಸತ್ಯಾಗ್ರಹ ನಡೆಯುತ್ತಿತ್ತು. ಅಲ್ಲಿ ಸರಕಾರ ಮರ ಕಡಿಯದಂತೆ ಜನ ನ್ಯಾಯಾಲಯದಲ್ಲಿ ನಿಂತರು. ಇಲ್ಲಿ ಸರಕಾರದ ಕಾಯಿದೆ ಮುರಿಯಲೆಂದೇ ಜನ ಮರ ಕಡಿದು ಸೆರೆಮನೆಗೆ ಹೋದರು. ತರಗತಿಯಲ್ಲಿದ್ದಿದ್ದರೆ ಈ ಎರಡನ್ನು ಹೋಲಿಸಿ ಹತ್ತು ಅಂಕದ ಪ್ರಶ್ನೆಯೊಂದನ್ನು ಹಾಕಿಯೇ ತೀರುತ್ತಿದ್ದೆ.

ಇನ್ನು ಆ ವೃದ್ಧರು. ಎಂಬತ್ತರ ಹತ್ತಿರದವರು, ನಿವೃತ್ತ ಬಡಗಿ. ಎರಡನೆಯ ರಾತ್ರಿ ನಮ್ಮ ಬೆಂಕಿಯ ಬಳಿ ಬಂದು ಕುಳಿತರು. ನನ್ನ ಅವಲಕ್ಕಿಯನ್ನು ಅನುಮಾನದಿಂದಲೇ ಬಾಯಿಗೆ ಹಾಕಿಕೊಂಡು, ಎರಡನೆಯ ಸಲ ತಾವೇ ಕೇಳಿ ಹಾಕಿಸಿಕೊಂಡರು. ಮಗ ನಡುವೆ ಕುಳಿತು ನನ್ನ ಇಂಗ್ಲಿಷಿಗೆ ಅವರಿಗೂ ಅವರ ಇಂಗ್ಲಿಷಿಗೆ ನನಗೂ ನೆರವಾದ. ಹಿಂದೆ ರಾಜ್ಯಾರಣ್ಯದ ಕೆರೆದಡಗಳಲ್ಲಿ ಸರಕಾರ ಒಂದು ಪದ್ಧತಿ ಇಟ್ಟಿತ್ತಂತೆ. ಹಲಗೆಯ ಜಗಲಿ ಹಾಕಿ ಅದರ ಮೇಲೆ ಬೇಸಿಗೆಗೆ ಗುಡಾರ ಕಟ್ಟಿಕೊಳ್ಳಲು ಪರವಾನಗಿ. ವರ್ಷವರ್ಷವೂ ಅದೇ ಕುಟುಂಬಕ್ಕೆ ಅದೇ ಜಾಗ. ಅವರ ತಂದೆ ಸರನಾಕ್ ಸರೋವರದ ದಡದಲ್ಲಿ ಅಂಥದೊಂದು ಜಗಲಿ ಹಾಕಿದ್ದರು. ಗಿರಣಿಯ ಕೂಲಿಯಾದ ತಂದೆಗೆ ಬೇರೆ ರಜೆಯ ಮನೆ ಎಲ್ಲಿಂದ ಬರಬೇಕು? ಇವರು ಈಜು ಕಲಿತದ್ದು ಅಲ್ಲಿ, ಮದುವೆಯಾದ ವರ್ಷ ಹೆಂಡತಿಯನ್ನು ಕರೆತಂದದ್ದು ಅಲ್ಲಿಗೆ. ಕ್ರಮೇಣ ಜಗಲಿಗಳ ಮೇಲೆ ಒಲೆ ಬಂತು, ಕಿಟಕಿ ಬಂತು, ಬೀಗ ಬಂತು. ಎಲ್ಲರ ಕಾಡು ಕೆಲವರ ಮನೆಯಂಗಳವಾಯಿತು. 1972ರಲ್ಲಿ ರಾಜ್ಯದ ಕಾಡಿಗೆಂದು ಹೊಸ ಯೋಜನೆ ಬಂದ ಬಳಿಕ ಆ ದಶಕದಲ್ಲಿಯೇ ಅವನ್ನೆಲ್ಲ ತೆಗೆಸಿದರು.

"ನಿಮಗೆ ಸಿಟ್ಟು ಬರಲಿಲ್ಲವೇ?" ಎಂದೆ.

"ಬಂತು. ಹಲಗೆಗಳನ್ನು ನಾನೇ ಕಿತ್ತೆ. ತಂದೆ ದೋಣಿಯಲ್ಲಿ ಕುಳಿತು ನೋಡಿದರು, ಇಳಿಯಲಿಲ್ಲ" ಎಂದರು. ಸ್ವಲ್ಪ ತಡೆದು, "ಆದರೆ ಅವರು ಮಾಡಿದ್ದು ತಪ್ಪಲ್ಲ. ನಮ್ಮ ಜಗಲಿ ಅಲ್ಲೇ ಇದ್ದಿದ್ದರೆ ಆ ಜಾಗದಲ್ಲಿ ನೀವು ಮಲಗುವುದು ಹೇಗೆ?" ಎಂದರು.

ಅವರ ತಂದೆಯ ಜಾಗದ ಬಳಿ ಈಗ ಸರಕಾರವೇ ನಡೆಸುವ ಬಿಡಾರತಾಣವಿದೆ. ಅಲ್ಲಿ ರಾತ್ರಿಗೆ ಶುಲ್ಕವುಂಟು. ಮಲಗಲು ಹಣ ಕೊಟ್ಟು ಅಲ್ಲಿಗೆ ಹೋಗಲು ಮನಸ್ಸು ಬಾರದೆಂದು ವರ್ಷಕ್ಕೊಮ್ಮೆ ಇಲ್ಲಿಗೆ ಬರುತ್ತಾರೆ. ಮೂರು ರಾತ್ರಿ. ನಾಲ್ಕನೆಯದಕ್ಕೆ ಪರವಾನಗಿ ಕೇಳಿದರೆ ಕೊಡುತ್ತಾರೆ, ಆದರೆ ತಾವು ಕೇಳುವುದಿಲ್ಲವೆಂದರು. ಏಕೆಂದು ನಾನೂ ಕೇಳಲಿಲ್ಲ. ಕೆರೆಯ ನಡುವಿನಿಂದ ಲೂನ್ ಎಂಬ ನೀರುಹಕ್ಕಿ ಮಗು ಅತ್ತಂತೆ ಒಮ್ಮೆ, ಯಾರೋ ನಕ್ಕಂತೆ ಒಮ್ಮೆ ಕೂಗುತ್ತಿತ್ತು. ಕರಡಿಯ ಭಯಕ್ಕೆ ಉಳಿದ ಅವಲಕ್ಕಿಯನ್ನು ಚೀಲದಲ್ಲಿ ಕಟ್ಟಿ ಮರದ ಕೊಂಬೆಗೆ ಎತ್ತರದಲ್ಲಿ ತೂಗುಹಾಕಲು ಅವರೇ ಹಗ್ಗ ಎಸೆದರು. ಮೊದಲ ಎಸೆತಕ್ಕೇ ಕೊಂಬೆ ದಾಟಿತು. ಮಗ ನಾಲ್ಕು ಸಲ ಎಸೆದು ಸೋತಿದ್ದ.

ಮಾರನೆಯ ಬೆಳಗ್ಗೆ ಗುಡಾರ ಮಡಚಿದೆವು. ಬೂದಿಗೆ ನೀರು ಹೊಯ್ದು, ಕೈಯಿಟ್ಟು ತಣ್ಣಗಿದೆಯೇ ಎಂದು ನೋಡಲು ವೃದ್ಧರು ಮೊಮ್ಮಗನಿಗೆ ಕಲಿಸಿದರು. ಅವನು ಅದಾದ ಮೇಲೆ ಗುಡಾರದಡಿ ಚಪ್ಪಟೆಯಾಗಿದ್ದ ಎಲೆಗಳನ್ನು ಕೈಯಿಂದ ಕೆದಕಿ ಹರಡಿದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೊರಡುವಾಗ ಅವನಿಗೊಂದು ಛಲ: ಅಲ್ಲಿಂದ ನೀರಿನ ತನಕ ತಾನೂ ಹೆಜ್ಜೆ ಎಣಿಸಬೇಕು. ಎಣಿಸಿದ. ತೊಂಬತ್ತನಾಲ್ಕಾಯಿತು.